ಕನ್ನಡದ ಜಾಲತಾಣಕ್ಕೆ ಹ್ಯೂಗೊ: ಒಂದು ಭಾನುವಾರದ ಬಳಕೆಯ ವಿಮರ್ಶೆ

ಯುಗಾದಿ ಕಳೆದ ಮೇಲಿನ ಮೊದಲ ಭಾನುವಾರ. ಬಸವನಗುಡಿಯ ನಮ್ಮ ಬೀದಿಯ ಹೊಂಗೆಮರಗಳು ಎಳೆ ಹಸಿರು ಹೊದ್ದು ನಿಂತಿದ್ದವು, ಮನೆಯ ಮುಂದೆ ಅರಳು ಚೆಲ್ಲಿದಂತೆ ಹೂ ಉದುರಿತ್ತು, ನನಗೆ ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಬೆಂಗಳೂರಿನ ಮರಗಳ ಬಗ್ಗೆ ಹಲವು ವರ್ಷಗಳಿಂದ ಬರೆದಿಟ್ಟ 86 ಬರಹಗಳಿರುವ ನನ್ನ ಸ್ವಂತ ಜಾಲತಾಣವನ್ನು ಹೊಸದಾಗಿ ಕಟ್ಟಬೇಕೆಂಬ ಆಸೆಯನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೆ. ಅಂದು ಬೆಳಗಿನ ಕಾಫಿ ಮುಗಿಸಿ, ಕಿಟಕಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಹ್ಯೂಗೊ ಎಂಬ ತಂತ್ರಾಂಶದಲ್ಲಿ ಆ ಕೆಲಸಕ್ಕೆ ಕೈಹಾಕಿದೆ. ರಾತ್ರಿ ಊಟದ ಹೊತ್ತಿನವರೆಗೂ ಅದರೊಡನೆ ಹೆಣಗಿದ ಅನುಭವದ ಮೇಲೆ, ಕನ್ನಡದಲ್ಲಿ ಬರೆಯುವವರಿಗೆ ಅದು ಎಷ್ಟು ಒದಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹ್ಯೂಗೊ ನಂಬಿ ಬಳಸಬಹುದಾದ ಒಳ್ಳೆಯ ಸಾಧನ, ಆದರೆ ಅದರೊಡನೆ ಉಚಿತವಾಗಿ ಸಿಗುವ ಸಿದ್ಧ ಥೀಮ್‌ಗಳಲ್ಲಿ, ಅಂದರೆ ತಾಣದ ರೂಪವನ್ನು ನಿರ್ಧರಿಸುವ ವಿನ್ಯಾಸಗಳಲ್ಲಿ, ನಾನು ನೋಡಿದ ಒಂದೂ ಕನ್ನಡಕ್ಕಾಗಿ ಯೋಚಿಸಿ ಮಾಡಿದ್ದಲ್ಲ. ನನ್ನ ಭಾನುವಾರದ ಹೆಚ್ಚಿನ ಪಾಲು ಕಳೆದುಹೋದದ್ದು ಈ ಎರಡರ ನಡುವಿನ ಅಂತರದಲ್ಲಿ.

ಹ್ಯೂಗೊ ಮುಕ್ತ ತಂತ್ರಾಂಶ. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಅವರು ಇದನ್ನು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಆರಂಭಿಸಿದರು. ಇಂದು ಅದು ಅಪಾಚೆ 2.0 ಪರವಾನಗಿಯಡಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಇದಕ್ಕೆ ಡೇಟಾಬೇಸ್ ಬೇಕಿಲ್ಲ, ಇದರಿಂದ ಕಟ್ಟಿದ ತಾಣವನ್ನು ಇಡುವ ಸರ್ವರ್‌ನಲ್ಲಿ ಬೇರೆ ಯಾವ ತಂತ್ರಾಂಶವೂ ನಡೆಯುತ್ತಿರಬೇಕಿಲ್ಲ. ನಾವು ಮಾರ್ಕ್‌ಡೌನ್ ಎಂಬ ಸರಳ ಪದ್ಧತಿಯಲ್ಲಿ ಬರೆದಿಟ್ಟ ಕಡತಗಳನ್ನು ಅದು ಓದುತ್ತದೆ, ನಾವು ಕೊಟ್ಟ ಅಚ್ಚಿಗೆ ಹಾಕುತ್ತದೆ, ಬ್ರೌಸರ್ ಓದಬಲ್ಲ ಸಿದ್ಧ ಎಚ್‌ಟಿಎಂಎಲ್ ಪುಟಗಳನ್ನು ಒಂದು ಫೋಲ್ಡರ್‌ನಲ್ಲಿ ತೆಗೆದಿಡುತ್ತದೆ. ತಂತ್ರಾಂಶವೆಲ್ಲ ಒಂದೇ ಕಡತವಾದ್ದರಿಂದ ಅನುಸ್ಥಾಪನೆಗೆ ಐದು ನಿಮಿಷವೂ ಹಿಡಿಯಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿಯೂ 86 ಬರಹಗಳ ತಾಣ ಒಂದು ಸೆಕೆಂಡಿನೊಳಗೆ ಕಟ್ಟಿ ಮುಗಿಯುತ್ತದೆ. ಬರಹದಲ್ಲಿ ಒಂದು ಅಕ್ಷರ ತಿದ್ದಿ ಉಳಿಸಿದರೆ, ಪಕ್ಕದಲ್ಲಿ ತೆರೆದಿಟ್ಟ ಬ್ರೌಸರ್‌ನಲ್ಲಿ ಪುಟ ತಾನಾಗಿಯೇ ಬದಲಾಗುತ್ತದೆ. ಕರಡು ತಿದ್ದುವ ಅಭ್ಯಾಸವಿರುವವರಿಗೆ ಈ ಕೊನೆಯ ಸೌಲಭ್ಯ ಎಷ್ಟು ಹಿತವೆಂಬುದನ್ನು ಬಳಸಿಯೇ ನೋಡಬೇಕು.

ಬರಹಗಳೆಲ್ಲ ನಮ್ಮ ಕೈಯಲ್ಲೇ, ನಮ್ಮ ಯಂತ್ರದಲ್ಲೇ ಸರಳ ಪಠ್ಯವಾಗಿ ಉಳಿಯುತ್ತವೆ ಎಂಬುದು ನನ್ನ ಪಾಲಿಗೆ ಹ್ಯೂಗೊದ ದೊಡ್ಡ ಗುಣ. ಹಿಂದೆ ನಾನು ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಬಳಸುತ್ತಿದ್ದ ಒಂದು ಸೇವೆಯಿಂದ ಬರಹಗಳನ್ನು ಹೊರತೆಗೆದಾಗ, ಕಣ್ಣಿಗೆ ಕಾಣದ ಒಂದು ಅಕ್ಷರ ಎಲ್ಲೆಲ್ಲೂ ಕಳೆದುಹೋಗಿತ್ತು. ಯುನಿಕೋಡ್‌ನಲ್ಲಿ ಅರ್ಧಾಕ್ಷರ ಮುಂದಿನ ವ್ಯಂಜನದ ಜೊತೆ ಸೇರಿ ಒತ್ತಾಗದಂತೆ ತಡೆಯಲು ಆ ಅಗೋಚರ ಅಕ್ಷರ ಬೇಕು. ಅದಿಲ್ಲದೆ ನನ್ನ ಬರಹಗಳಲ್ಲಿದ್ದ ‘ಪಾರ್ಕ್‌ನಲ್ಲಿ’ ಎಂಬುದೆಲ್ಲ ‘ಪಾರ್ಕ್ನಲ್ಲಿ’ ಎಂದಾಗಿ, ಕಕಾರದ ಕೆಳಗೆ ನಕಾರದ ಒತ್ತು ಬಂದು ಕೂತಿತ್ತು. ಕಬ್ಬನ್ ಪಾರ್ಕಿನ ಬಗ್ಗೆಯೇ ಹದಿಮೂರು ಬರಹಗಳಿರುವ ತಾಣದಲ್ಲಿ ಇದು ಸಣ್ಣ ಹಾನಿಯಲ್ಲ. ಆದರೆ ಕಡತಗಳೆಲ್ಲ ಒಂದೇ ಫೋಲ್ಡರ್‌ನಲ್ಲಿದ್ದುದರಿಂದ ಸಾಮಾನ್ಯ ಪಠ್ಯ ಸಂಪಾದಕದಲ್ಲೇ ಹುಡುಕಿ, ನೋಡಿ, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಸರಿಪಡಿಸಿದೆ. ಹಳೆಯ ಸೇವೆಯಲ್ಲಿಯೇ ಉಳಿದಿದ್ದರೆ ಒಂದೊಂದು ಪುಟವನ್ನೂ ತೆರೆದು ತಿದ್ದಬೇಕಾಗುತ್ತಿತ್ತು.

ಹತ್ತು ಗಂಟೆಗೆ ಹೊಸ ತಾಣಕ್ಕೆಂದೇ ಹೊಂಗೆಯ ಬಗ್ಗೆ ಒಂದು ಪುಟ್ಟ ಬರಹ ಬರೆದು, ಅದರ ತಲೆಯಲ್ಲಿ ಅಂದಿನ ದಿನಾಂಕ ಮತ್ತು ಹತ್ತು ಗಂಟೆಯ ಸಮಯವನ್ನು ಕೈಯಾರೆ ನಮೂದಿಸಿ ಉಳಿಸಿದೆ. ಬರಹ ತಾಣದಲ್ಲಿ ಕಾಣಿಸಲಿಲ್ಲ. ಕಡತದ ಹೆಸರು ನೋಡಿದೆ, ಫೋಲ್ಡರ್ ನೋಡಿದೆ, ಕರಡು ಎಂದು ಗುರುತು ಹಾಕಿದ್ದೇನೆಯೇ ಎಂದು ನೋಡಿದೆ, ಎಲ್ಲವೂ ಸರಿಯಿತ್ತು. ತಪ್ಪಿನ ಸೂಚನೆಯೂ ಇರಲಿಲ್ಲ. ಬೇಸತ್ತು ಅದನ್ನು ಹಾಗೇ ಬಿಟ್ಟು ಬೇರೆ ಕೆಲಸ ಮಾಡುತ್ತಿದ್ದಾಗ, ನಾಲ್ಕು ಗಂಟೆಯ ಸುಮಾರಿಗೆ ಆ ಬರಹ ಮುಖಪುಟದ ಮೊದಲಲ್ಲಿ ಬಂದು ನಿಂತಿತ್ತು. ಆಗ ಹೊಳೆಯಿತು. ಸಮಯದ ಮುಂದೆ ಕಾಲವಲಯ ಬರೆಯದಿದ್ದರೆ ಹ್ಯೂಗೊ ಅದನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಮಾನಕವಾದ ಸಮಯ, ಎಂದೇ ತಿಳಿಯುತ್ತದೆ. ಯುಟಿಸಿಯ ಹತ್ತು ಗಂಟೆ ಎಂದರೆ ನಮ್ಮ ಮಧ್ಯಾಹ್ನದ ಮೂರೂವರೆ. ಮುಂದಿನ ದಿನಾಂಕದ ಬರಹಗಳನ್ನು ಹ್ಯೂಗೊ ಹೇಳದ ಹೊರತು ಪ್ರಕಟಿಸುವುದಿಲ್ಲವಾದ್ದರಿಂದ, ನನ್ನ ಬರಹ ಐದೂವರೆ ಗಂಟೆ ಕಾಲ ಅದರ ಲೆಕ್ಕದಲ್ಲಿ ಇನ್ನೂ ಬರೆಯದ ಬರಹವಾಗಿತ್ತು. ಸಂರಚನೆಯ ಕಡತದಲ್ಲಿ ಟೈಮ್‌ಝೋನ್ ಎಂಬಲ್ಲಿ ಏಷ್ಯಾ/ಕೋಲ್ಕತಾ ಎಂದು ಒಂದು ಸಾಲು ಬರೆದರೆ ಈ ತೊಂದರೆ ಇಲ್ಲವಾಗುತ್ತದೆ. ಭಾರತದಲ್ಲಿ ಕೂತು ಹ್ಯೂಗೊ ಬಳಸುವವರು ಮೊದಲು ಬರೆಯಬೇಕಾದ ಸಾಲು ಇದೇ ಎಂಬುದು ನನ್ನ ಅನಿಸಿಕೆ. ನಡೆದದ್ದು ದಾಖಲೆಯಲ್ಲಿ ಹೇಳಿದ ನಿಯಮದಂತೆಯೇ ಸರಿ. ಆದರೂ ಬರಹವೊಂದನ್ನು ಬಿಟ್ಟು ಮುಂದೆ ಹೋಗುವಾಗ ಒಂದು ಮಾತು ತಿಳಿಸದೆ ಹೋಗುವುದು ತಂತ್ರಾಂಶದ ಕೊರತೆಯೆಂದೇ ಹೇಳುತ್ತೇನೆ.

ಇನ್ನು ಥೀಮ್‌ನ ವಿಷಯ. ಹ್ಯೂಗೊದ ತಾಣದಲ್ಲಿ ನೂರಾರು ಥೀಮ್‌ಗಳ ಸಂಗ್ರಹವಿದೆ. ಚಿತ್ರದಲ್ಲಿ ನೋಡಿದಾಗ ಎಲ್ಲವೂ ಅಂದವಾಗಿರುತ್ತವೆ, ಏಕೆಂದರೆ ಆ ಚಿತ್ರಗಳಲ್ಲಿರುವುದು ಇಂಗ್ಲಿಷ್ ಅಕ್ಷರಗಳು. ನಾನು ಅತ್ಯಂತ ಸರಳವಾದುದೊಂದನ್ನು ಆರಿಸಿ, ನನ್ನ ಬರಹಗಳನ್ನು ತುಂಬಿ, ಮುಖಪುಟವನ್ನು ಅಮ್ಮನ ಫೋನಿನಲ್ಲಿ ತೆರೆದು ಕೊಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, “ಇದೇನೇ, ‘ರಾಷೀಯ’ ಅಂತ ಬರೆದಿದ್ದೀಯ?” ಎಂದರು. ರಾಮೋಹಳ್ಳಿಯ ದೊಡ್ಡ ಆಲದ ಮರದ ಮೇಲಿನ ಬರಹದ ಶೀರ್ಷಿಕೆಯಲ್ಲಿ ‘ರಾಷ್ಟ್ರೀಯ ವೃಕ್ಷ’ ಎಂಬ ಮಾತಿತ್ತು. ಷಕಾರದ ಕೆಳಗಿನ ಟಕಾರದ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿತ್ತು, ಅದರಾಚೆಯ ರಕಾರದ ಒತ್ತು ಪೂರ್ತಿ ಮಾಯವಾಗಿತ್ತು, ‘ವೃ’ದ ಋಕಾರದ ಬಾಲವೂ ಇರಲಿಲ್ಲ. ಥೀಮ್ ಮಾಡಿದವರು ಶೀರ್ಷಿಕೆಯ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.1 ಪಟ್ಟು ಎಂದು ಇಟ್ಟು, ಎರಡು ಸಾಲಿಗಿಂತ ಹೆಚ್ಚಾದುದನ್ನು ಮರೆಮಾಡುವಂತೆ ಬರೆದಿದ್ದರು. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಜಾಗ ಸಾಕು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಮತ್ತೊಂದು ಒತ್ತು. ಸಾಲಿನ ಚೌಕಟ್ಟಿನಿಂದ ಹೊರಗೆ ಇಳಿದ ಭಾಗವನ್ನು ಬ್ರೌಸರ್ ಹೇಳಿದ ಮಾತಿನಂತೆ ಮರೆಮಾಡಿತ್ತು.

ಇದನ್ನು ಸರಿಪಡಿಸುತ್ತ ಹೋದಂತೆ ಆ ಥೀಮ್‌ನ ಒಂದೊಂದು ನಿರ್ಧಾರವೂ ಬೇರೆ ಲಿಪಿಗಾಗಿ ಮಾಡಿದ್ದೆಂಬುದು ಕಾಣುತ್ತ ಬಂತು. ಬರಹದ ಸಾಲಿನ ಎತ್ತರ 1.5 ಪಟ್ಟು ಇತ್ತು. ಒಂದು ಸಾಲಿನ ಒತ್ತುಗಳು ಮುಂದಿನ ಸಾಲಿನ ಗುಡಿಸುಗಳನ್ನು ಮುಟ್ಟುತ್ತಿದ್ದವು, ಅದನ್ನು 1.8ಕ್ಕೆ ಏರಿಸಿದ ಮೇಲೆಯೇ ಕಣ್ಣಿಗೆ ಉಸಿರಾಡಲು ಜಾಗ ಸಿಕ್ಕಿತು. ಶೀರ್ಷಿಕೆಗೆ 1.45 ಸಾಕಾಯಿತು. ಸಾಲಿನ ಎರಡೂ ಅಂಚು ಸಮನಾಗಿರಲೆಂದು ಅವರು ಪಠ್ಯವನ್ನು ಹಿಗ್ಗಿಸುವ ಏರ್ಪಾಟು ಮಾಡಿದ್ದರು. ನಮ್ಮ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗಿರುವುದರಿಂದ ಫೋನಿನ ಪರದೆಯಲ್ಲಿ ಒಂದು ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು, ಆ ಮೂರರ ನಡುವೆ ಹಳ್ಳದಂಥ ಖಾಲಿ ಜಾಗ ಬೀಳುತ್ತಿತ್ತು. ಎಡ ಅಂಚಿಗೆ ಮಾತ್ರ ಹೊಂದಿಸಿ ಅದನ್ನು ತೆಗೆದೆ. ಅಮ್ಮ ಫೋನಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದುವವರು. ಅವರ ಪರದೆಯಲ್ಲಿ ‘ಹೂಬಿಡುವುದಕ್ಕಿಂತಲೂ’ ಎಂಬ ಒಂದು ಪದ ಬಲಗಡೆ ಹೊರಗೆ ಚಾಚಿ ಇಡೀ ಪುಟವೇ ಅಡ್ಡಡ್ಡ ಜಾರುತ್ತಿತ್ತು. ಉದ್ದದ ಪದವನ್ನು ಅಗತ್ಯ ಬಿದ್ದಲ್ಲಿ ಮುರಿಯಲು ಅನುಮತಿ ಕೊಡುವ ಒಂದು ಸಾಲನ್ನು ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಕಡತಕ್ಕೆ ಸೇರಿಸಿ, ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಸರಿಯಾಗಿ ನಮೂದಿಸಿದ ಮೇಲೆ ಅದು ನಿಂತಿತು. ಈ ಥೀಮ್‌ನಲ್ಲಿ ಭಾಷೆ ಇಂಗ್ಲಿಷ್ ಎಂದೇ ಅಚ್ಚಾಗಿತ್ತು. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಈ ತಪ್ಪಿನಿಂದ ನಿಜವಾದ ತೊಂದರೆಯಾಗುತ್ತದೆ. ತಿಂಗಳ ಹೆಸರೂ ‘ಮಾರ್ಚ್’ ಎಂದು ಬರುವ ಬದಲು ಇಂಗ್ಲಿಷಿನಲ್ಲೇ ಬರುತ್ತಿತ್ತು. ಹ್ಯೂಗೊಗೆ ಕನ್ನಡದ ತಿಂಗಳುಗಳು ಗೊತ್ತಿವೆ. ಥೀಮ್‌ನಲ್ಲಿ ಭಾಷೆಯನ್ನು ಗಮನಿಸದ ಹಳೆಯ ವಿಧಾನ ಬಳಸಿದ್ದರು, ಅಷ್ಟೆ.

ಮಧ್ಯಾಹ್ನದ ಊಟವಾದ ಮೇಲೆ ಆ ಥೀಮ್ ಅನ್ನು ಪೂರ್ತಿಯಾಗಿ ಕಿತ್ತುಹಾಕಿದೆ. ತಿದ್ದುವ ಸಾಲುಗಳು ಮೂಲದ ಸಾಲುಗಳಿಗಿಂತ ಹೆಚ್ಚಾಗತೊಡಗಿದರೆ ಹೊಸದಾಗಿ ಬರೆಯುವುದೇ ಸುಲಭ. ಹ್ಯೂಗೊದಲ್ಲಿ ಒಂದು ಸರಳ ತಾಣಕ್ಕೆ ಬೇಕಾದುದು ನಾಲ್ಕೈದು ಅಚ್ಚಿನ ಕಡತಗಳು ಮಾತ್ರ: ಎಲ್ಲ ಪುಟಗಳಿಗೂ ಹೊದಿಕೆಯಾಗುವ ಒಂದು, ಮುಖಪುಟಕ್ಕೊಂದು, ಪಟ್ಟಿಗೊಂದು, ಬರಹಕ್ಕೊಂದು. ಇವುಗಳ ಜೊತೆಗೆ ನೂರು ಸಾಲಿನ ಸಿಎಸ್‌ಎಸ್. ಅಚ್ಚು ಬರೆಯುವ ಗೋ ಭಾಷೆಯ ಪದ್ಧತಿ ಮೊದಲಿಗೆ ಕಠಿಣವೆನಿಸುತ್ತದೆ. ದಿನಾಂಕ ಹೇಗೆ ಕಾಣಬೇಕೆಂದು ಹೇಳಲು 2006ರ ಜನವರಿ 2ನೆಯ ದಿನವನ್ನೇ ಮಾದರಿಯಾಗಿ ಬರೆಯಬೇಕೆಂಬಂಥ ವಿಚಿತ್ರಗಳು ಅದರಲ್ಲಿವೆ. ಆದರೂ ಎರಡು ಗಂಟೆಯಲ್ಲಿ ನನಗೆ ಬೇಕಾದ ಪುಟ ಎದ್ದು ನಿಂತಿತು, ಮತ್ತು ಅದರ ಪ್ರತಿಯೊಂದು ಸಾಲೂ ಏಕೆ ಅಲ್ಲಿದೆಯೆಂಬುದು ನನಗೆ ಗೊತ್ತಿತ್ತು.

ಫಾಂಟ್ ಆರಿಸುವುದರಲ್ಲಿ ನಾನು ಹೆಚ್ಚು ಸಮಯ ಕಳೆದೆ, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ನಾವು ಯಾವ ಫಾಂಟನ್ನೂ ಹೇಳದಿದ್ದರೆ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಹೀಗೆ ಆಯಾ ಯಂತ್ರದ ಕನ್ನಡವೇ ಕಾಣುತ್ತದೆ. ಓದಲು ಅದರಲ್ಲಿ ಕಷ್ಟವಿಲ್ಲ, ಆದರೆ ತಾಣಕ್ಕೆ ತನ್ನದೇ ಮುಖ ಇರುವುದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಇಂದು ಕನ್ನಡಕ್ಕೆ ಹಲವು ಫಾಂಟ್‌ಗಳು ಮುಕ್ತ ಪರವಾನಗಿಯಡಿ ದೊರೆಯುತ್ತವೆ. ನಾನು ನಾಲ್ಕನ್ನು ಒಂದೇ ಪರಿಚ್ಛೇದಕ್ಕೆ ಹಾಕಿ ಅಕ್ಕಪಕ್ಕ ನೋಡಿದೆ. ಬಾಲೂ ತಮ್ಮ 2 ದಪ್ಪವಾಗಿ, ಗುಂಡಗೆ, ಅಂಗಡಿಯ ಫಲಕಕ್ಕೆ ಹೇಳಿ ಮಾಡಿಸಿದಂತಿದೆ. ಸಾವಿರ ಪದದ ಬರಹಕ್ಕೆ ಒಗ್ಗುವುದಿಲ್ಲ. ನೋಟೊ ಸೆರಿಫ್ ಕನ್ನಡದಲ್ಲಿ ಯಾವ ತಪ್ಪನ್ನೂ ಹುಡುಕಲಾರೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕಗಳೂ ಅದರಲ್ಲಿವೆ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಟೈರೊ ಕನ್ನಡದ ಕಡೆಗೆ. ಪುಸ್ತಕ, ಲೇಖನಗಳ ದೀರ್ಘ ಓದಿಗೆಂದು ಮಾಡಿದ ಆ ಫಾಂಟಿನಲ್ಲಿ ಗೆರೆ ಒಂದೆಡೆ ದಪ್ಪವಾಗಿ ಇನ್ನೊಂದೆಡೆ ಸಣ್ಣದಾಗುವ ರೀತಿ ಹಳೆಯ ಅಚ್ಚಿನ ಪುಸ್ತಕಗಳನ್ನು ನೆನಪಿಸುತ್ತದೆ, ಒತ್ತುಗಳು ಇಕ್ಕಟ್ಟಿಲ್ಲದೆ ತಮ್ಮ ಜಾಗದಲ್ಲಿ ಕೂರುತ್ತವೆ.

ಟೈರೊದಲ್ಲಿ ಒಂದು ಎಚ್ಚರಿಕೆ ಬೇಕು. ಅದರಲ್ಲಿ ದಪ್ಪಕ್ಷರವಿಲ್ಲ, ತೂಕ ಒಂದೇ. ಪಠ್ಯದ ನಡುವೆ ದಪ್ಪಕ್ಷರ ಕೇಳಿದರೆ ಬ್ರೌಸರ್ ಇರುವ ಅಕ್ಷರಕ್ಕೇ ಮಸಿ ಬಳಿದು ದಪ್ಪ ಮಾಡಿ ತೋರಿಸುತ್ತದೆ. ಪರದೆಯನ್ನು ಹತ್ತಿರಕ್ಕೆ ತಂದು ನೋಡಿದಾಗ ‘ಥ’ದ ಒಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡು ‘ಧ’ದಂತೆ ಕಾಣುತ್ತಿತ್ತು, ಮಹಾಪ್ರಾಣವನ್ನು ತೋರುವ ಕೆಳಗಿನ ಸಣ್ಣ ಸೀಳು ಮುಚ್ಚಿಹೋಗಿ ‘ಧ’ ಎಂಬುದು ‘ದ’ಕ್ಕೆ ಹತ್ತಿರವಾಗಿತ್ತು. ‘ರಥ’ಕ್ಕೂ ‘ರದ’ಕ್ಕೂ ಅರ್ಥ ಬೇರೆಯಿರುವ ಭಾಷೆಯಲ್ಲಿ ಇದನ್ನು ಒಪ್ಪಲಾಗುವುದಿಲ್ಲ. ಬ್ರೌಸರ್ ಹೀಗೆ ಕೃತಕವಾಗಿ ದಪ್ಪ ಮಾಡದಂತೆ ಸಿಎಸ್‌ಎಸ್‌ನಲ್ಲಿ ತಡೆದು, ಶೀರ್ಷಿಕೆ ಮತ್ತು ದಪ್ಪಕ್ಷರಗಳಿಗೆ ಅನೇಕ್ ಕನ್ನಡವನ್ನು ತಂದೆ. ಮುಂಬೈನ ಏಕ್ ಟೈಪ್ ಸಂಸ್ಥೆ ಮಾಡಿದ ಈ ಫಾಂಟಿನಲ್ಲಿ ತೂಕವನ್ನಷ್ಟೇ ಅಲ್ಲದೆ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು. ಉದ್ದದ ಕನ್ನಡ ಶೀರ್ಷಿಕೆಯನ್ನು ಕಿರಿದಾದ ಫೋನಿನ ಪರದೆಗೆ ತುಸು ಇಕ್ಕಟ್ಟು ಮಾಡಿ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣಲಿಲ್ಲ.

ಕನ್ನಡದ ವಿಭಕ್ತಿ ಪ್ರತ್ಯಯ ಮಾರ್ಕ್‌ಡೌನ್‌ಗೆ ಒಗ್ಗುವುದೇ ಎಂಬ ಪ್ರಶ್ನೆಯೂ ಬಂತು. ಮರದ ಹೆಸರನ್ನು ಮಾತ್ರ ಒತ್ತಿ ತೋರಿಸಿ ಪ್ರತ್ಯಯವನ್ನು ಸಾಮಾನ್ಯವಾಗಿ ಬಿಡುವುದು ನನ್ನ ಕ್ರಮ: ‘ಹೊಂಗೆ’ ಎಂಬುದು ವಾಲಿ ನಿಲ್ಲಬೇಕು, ಅದಕ್ಕೆ ಅಂಟಿದ ‘ಯ’ ನೇರವಾಗಿರಬೇಕು. ಮಾರ್ಕ್‌ಡೌನ್‌ನಲ್ಲಿ ಪದವನ್ನು ವಾಲಿಸಲು ಅದರ ಎರಡೂ ಕಡೆ ಅಡಿಗೆರೆ ಅಥವಾ ನಕ್ಷತ್ರ ಚಿಹ್ನೆ ಹಾಕಬೇಕು. ಅಡಿಗೆರೆ ಹಾಕಿ ಪ್ರತ್ಯಯ ಅಂಟಿಸಿದರೆ ಇದು ನಡೆಯುವುದಿಲ್ಲ, ಅಡಿಗೆರೆಗಳೇ ಪುಟದಲ್ಲಿ ಹಾಗೆ ಉಳಿದುಬಿಡುತ್ತವೆ. ನಕ್ಷತ್ರ ಚಿಹ್ನೆ ಹಾಕಿದರೆ ನಡೆಯುತ್ತದೆ. ಆದರೆ ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಅದರ ಹೊರಗೆ ನಕ್ಷತ್ರವಿಟ್ಟು, ಆಮೇಲೆ ಪ್ರತ್ಯಯ ಬರೆದರೆ ನಕ್ಷತ್ರವೂ ಕೈಕೊಡುತ್ತದೆ. ವಿರಾಮಚಿಹ್ನೆಯ ನಂತರ ಬಂದ ನಕ್ಷತ್ರಕ್ಕೆ ಅಕ್ಷರ ಅಂಟಿಕೊಂಡಿದ್ದರೆ ಅದನ್ನು ಮುಕ್ತಾಯವೆಂದು ಎಣಿಸಬಾರದೆಂಬುದು ಮಾರ್ಕ್‌ಡೌನ್‌ನ ಪ್ರಮಾಣಿತ ರೂಪದ ನಿಯಮ. ಪದಗಳ ನಡುವೆ ಖಾಲಿ ಜಾಗ ಬಿಡುವ, ಪ್ರತ್ಯಯವಿಲ್ಲದ ಭಾಷೆಗೆ ಅದು ಸರಿಯಾದೀತು. ಇಂಥ ಕಡೆ ನಾನು ನೇರವಾಗಿ ಎಚ್‌ಟಿಎಂಎಲ್ ಗುರುತನ್ನೇ ಬರೆದೆ. ಹ್ಯೂಗೊ ಅದನ್ನು ಸುರಕ್ಷತೆಯ ದೃಷ್ಟಿಯಿಂದ ತಾನಾಗಿ ಒಪ್ಪುವುದಿಲ್ಲ, ಸಂರಚನೆಯಲ್ಲಿ ಅನುಮತಿ ಕೊಡಬೇಕಾಯಿತು.

ಪುಟದ ವಿಳಾಸವನ್ನು ಕನ್ನಡದಲ್ಲಿಯೇ ಇಡಬೇಕೆಂಬ ಆಸೆಯನ್ನು ಮಾತ್ರ ಬಿಟ್ಟುಕೊಟ್ಟೆ. ಬ್ರೌಸರ್‌ನ ಪಟ್ಟಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಯಾರಿಗಾದರೂ ಕಳುಹಿಸಲು ನಕಲು ಮಾಡಿದರೆ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್‌ಗಳಾಗಿ, ಒಂದೊಂದು ಬೈಟ್ ಮೂರು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ; ‘ಬೆಂಗಳೂರು’ ಎಂಬ ಒಂದು ಪದವೇ ಶೇಕಡಾ ಚಿಹ್ನೆಗಳಿಂದ ತುಂಬಿದ 72 ಚಿಹ್ನೆಗಳ ಸಾಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಕೊಂಡಿಯನ್ನು ನೋಡಿದವರು ಒತ್ತಲು ಹೆದರುವುದು ಸಹಜ. ಪ್ರತಿ ಬರಹದ ತಲೆಯಲ್ಲಿ ಸ್ಲಗ್ ಎಂಬಲ್ಲಿ ಇಂಗ್ಲಿಷ್ ಲಿಪಿಯ ಪುಟ್ಟ ಹೆಸರು ಕೊಟ್ಟೆ. ಬರಹ ಓದಲು ಹಿಡಿಯುವ ನಿಮಿಷಗಳನ್ನು ತೋರಿಸುವ ಸೌಲಭ್ಯವನ್ನೂ ತೆಗೆದುಹಾಕಿದೆ: ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಪದಗಳೆಂಬ ಅದರ ಎಣಿಕೆ ‘ಹೂಬಿಡುವುದಕ್ಕಿಂತಲೂ’ ಎಂಬುದನ್ನು ಒಂದೇ ಪದವೆಂದು ಲೆಕ್ಕ ಹಾಕುತ್ತದೆ.

ಸಿದ್ಧವಾದ ಪುಟಗಳನ್ನು, ಇಂಥ ತಾಣಗಳನ್ನು ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್ ಎಂಬ ಸೇವೆಗೆ ಏರಿಸಿದೆ. ಅಲ್ಲಿ ಇಂಥ ತಾಣಕ್ಕೆ ಹಣವಿಲ್ಲ. ನನ್ನ ವೆಚ್ಚ ಡೊಮೈನ್‌ನದು ಮಾತ್ರ, ವರ್ಷಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ.

ಹ್ಯೂಗೊವನ್ನು ಆರಿಸಿಕೊಳ್ಳುವವರು ತಿಳಿದಿರಬೇಕಾದ ಮಾತು ಇನ್ನೊಂದಿದೆ. ಆವೃತ್ತಿಯಿಂದ ಆವೃತ್ತಿಗೆ ಅದರ ಪದಗಳು ಬದಲಾಗುತ್ತವೆ. ಮುಖಪುಟದಲ್ಲಿ ಎಷ್ಟು ಬರಹಗಳಿರಬೇಕೆಂದು ಹೇಳುವ ಸೂಚನೆಯ ಹೆಸರೇ 2024ರ 0.128 ಆವೃತ್ತಿಯಲ್ಲಿ ಬದಲಾಯಿತು, ಹಳೆಯ ಪಾಠಗಳನ್ನು ಓದಿ ಬರೆದರೆ ಆವೃತ್ತಿಗೆ ತಕ್ಕಂತೆ ಎಚ್ಚರಿಕೆಯೋ ತಪ್ಪಿನ ಸೂಚನೆಯೋ ಬರುತ್ತದೆ. ತಾಣ ಕಟ್ಟಿದ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆ ಕಡತದ ಒಂದು ಪ್ರತಿಯನ್ನೂ ಜೋಪಾನ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ನಾನು ಹಾಗೆಯೇ ಮಾಡಿದ್ದೇನೆ. ಕಮಾಂಡ್ ಬರೆಯುವುದೆಂದರೆ ಹಿಂಜರಿಯುವವರಿಗೆ, ಫೋನಿನಿಂದಲೇ ಬರೆದು ಪ್ರಕಟಿಸಬೇಕೆನ್ನುವವರಿಗೆ ಇದನ್ನು ಶಿಫಾರಸು ಮಾಡಲಾರೆ. ಬರೆದದ್ದು ತಮ್ಮ ಬಳಿಯೇ ಇರಬೇಕು, ಹತ್ತು ವರ್ಷದ ಮೇಲೂ ತೆರೆದು ಓದುವಂತಿರಬೇಕು, ಒತ್ತಕ್ಷರವೊಂದು ಕತ್ತರಿಸಿಹೋದರೆ ತಾವೇ ಸರಿಪಡಿಸುವಂತಿರಬೇಕು ಎನ್ನುವವರು ಒಂದು ಭಾನುವಾರವನ್ನು ಇದಕ್ಕೆ ಧಾರಾಳವಾಗಿ ಕೊಡಬಹುದು. ಅಂಥವರು ಥೀಮ್ ಹುಡುಕುವುದರಲ್ಲಿ ಮಾತ್ರ ಬೆಳಗನ್ನು ಕಳೆಯದೆ, ಖಾಲಿ ಪುಟದಿಂದಲೇ ಆರಂಭಿಸಲಿ.

ರಾತ್ರಿ ಎಂಟರ ಹೊತ್ತಿಗೆ ಅಮ್ಮನ ಫೋನಿನಲ್ಲಿ ‘ರಾಷ್ಟ್ರೀಯ ವೃಕ್ಷ’ ಒತ್ತುಸಹಿತ ಪೂರ್ತಿಯಾಗಿ ಕಾಣಿಸುತ್ತಿತ್ತು. ಹಳೆಯ ತಾಣದ ವಿಳಾಸಗಳಿಗೆ ಬಂದವರನ್ನು ಹೊಸ ಪುಟಕ್ಕೆ ಕರೆದೊಯ್ಯಲು ಹ್ಯೂಗೊದಲ್ಲಿ ಏಲಿಯಸ್ ಎಂಬ ಅನುಕೂಲವಿದೆ. ಪ್ರತಿ ಬರಹದ ತಲೆಯಲ್ಲಿ ಅದರ ಹಳೆಯ ವಿಳಾಸವನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. 86ರಲ್ಲಿ 31ಕ್ಕೆ ಅಂದು ಬರೆದು ಮುಗಿಸಿದೆ. ಉಳಿದ 55 ಮುಂದಿನ ಭಾನುವಾರಕ್ಕೆ ಇವೆ.